ಸಿಡಿ ಕಟ್ಟೆಗೆ ಕಾರು ಬಡಿದರೆ ಹೋಗಬೇಕಾದದ್ದು ಆರ್‌ಟಿಒಗೋ, ಠಾಣೆಗೋ?

ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಬಾರಿ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದು ಒಂದೇ ಜಾತಿಯವು. ಎದುರಿಗೆ ಮತ್ತೊಂದು ವಾಹನವಿಲ್ಲದೆ ತಮ್ಮ ಕಾರು ತಾವೇ ಎಲ್ಲಿಗೋ ಬಡಿಸಿಕೊಂಡವರು ಯಾರಿಗೆ ತಿಳಿಸಬೇಕು, ತಿಳಿಸದಿದ್ದರೆ ಏನಾಗುತ್ತದೆ ಎಂದು ಕೇಳಿದ್ದಾರೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಕಳೆದ ಭಾನುವಾರ ರಾತ್ರಿ ಗಂಗಾವತಿಯಿಂದ ಕೊಪ್ಪಳಕ್ಕೆ ನಾನೊಬ್ಬನೇ ಕಾರಿನಲ್ಲಿ ಬರುತ್ತಿದ್ದೆ. ರಸ್ತೆಯ ಅರ್ಧಕ್ಕೆ ಭತ್ತ ಹರವಿ ಅಂಚಿಗೆ ಕಲ್ಲುಗಳನ್ನಿಟ್ಟಿದ್ದರು. ತೀರ ಹತ್ತಿರ ಬಂದ ಮೇಲೆ ಅದು ಕಂಡದ್ದರಿಂದ ಸ್ಟೀರಿಂಗ್ ಎಳೆದೆ. ಕಾಳಿನ ಮೇಲೆ ಚಕ್ರ ಜಾರಿ ಕಾರು ಸಿಡಿಯ (ಕಿರುಸೇತುವೆಯ) ಕಟ್ಟೆಗೆ ಬಡಿಯಿತು. ನನಗೆ ಏನೂ ಆಗಿಲ್ಲ. ಬಂಪರ್, ಒಂದು ಹೆಡ್‌ಲೈಟ್, ನಂಬರ್ ಪ್ಲೇಟ್ ಒಡೆದಿವೆ. ಕಟ್ಟೆಯ ಎರಡು ಕಲ್ಲು ಕಳಚಿವೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಅಕ್ಕನ ಮಗ, ಹತ್ತು ದಿನದೊಳಗೆ ವಾಹನ ಇಲಾಖೆಗೆ ವರದಿ ಕೊಡದಿದ್ದರೆ ಲೈಸೆನ್ಸ್ ಹೋಗುತ್ತದೆ ಎಂದು ಫೋನಿನಲ್ಲಿ ಹೆದರಿಸಿದ. ಇಲ್ಲಿಯ ಗ್ಯಾರೇಜಿನವರು ‘ಇಷ್ಟಕ್ಕೆಲ್ಲ ಯಾರ್ರೀ ಹೋಗ್ತಾರ’ ಎನ್ನುತ್ತಾರೆ. ಕೊಪ್ಪಳ ಆರ್‌ಟಿಒಗೆ ಅರ್ಜಿ ಕೊಡಬೇಕೆ? ಈಗಾಗಲೇ ಮೂರು ದಿನ ಕಳೆದಿದೆ.

ಉತ್ತರ: ಆರ್‌ಟಿಒಗೆ ಕೊಡಬೇಕಾಗಿಲ್ಲ. ಆದರೆ ಗ್ಯಾರೇಜಿನವರ ಮಾತೂ ಪೂರ್ತಿ ಸರಿಯಲ್ಲ.

ನಿಮ್ಮ ಅಕ್ಕನ ಮಗ ಹೇಳಿದ್ದು ಅವನಿರುವ ರಾಜ್ಯದ ಮಟ್ಟಿಗೆ ನಿಜ. ಕ್ಯಾಲಿಫೋರ್ನಿಯಾದಲ್ಲಿ ಅಪಘಾತದಿಂದ ಯಾರಿಗಾದರೂ ಸಣ್ಣ ಗಾಯವೇ ಆಗಿರಲಿ, ಅಥವಾ ಯಾರೊಬ್ಬರ ಆಸ್ತಿಗೆ ಸಾವಿರ ಡಾಲರ್‌ಗಿಂತ ಹೆಚ್ಚಿನ ಹಾನಿಯಾಗಿರಲಿ, ತಪ್ಪು ಯಾರದೆಂಬುದನ್ನು ಲೆಕ್ಕಿಸದೆ ಚಾಲಕನು ಹತ್ತು ದಿನಗಳೊಳಗೆ ಎಸ್‌ಆರ್-1 ಎಂಬ ನಮೂನೆಯನ್ನು ಅಲ್ಲಿಯ ಮೋಟಾರು ವಾಹನ ಇಲಾಖೆಗೆ ಕೊಡಬೇಕು. ಪೊಲೀಸರು ಬಂದು ಬರೆದುಕೊಂಡು ಹೋಗಿದ್ದರೂ ಇದನ್ನು ಬೇರೆಯಾಗಿಯೇ ಕೊಡಬೇಕು, ಕೊಡದಿದ್ದರೆ ಪರವಾನಗಿಯನ್ನು ಅಮಾನತಿನಲ್ಲಿಡಬಹುದು. ಅಪಘಾತದ ಹೊತ್ತಿಗೆ ಚಾಲಕನಿಗೆ ವಿಮೆ ಇತ್ತೇ ಇಲ್ಲವೇ ಎಂಬುದನ್ನು ಆ ಇಲಾಖೆಯೇ ಪರೀಕ್ಷಿಸುವುದರಿಂದ ಅಲ್ಲಿ ಈ ಏರ್ಪಾಡು ಇದೆ. ನಮ್ಮಲ್ಲಿ ಆ ಕೆಲಸವನ್ನು ಕಾನೂನು ಪೊಲೀಸ್ ಠಾಣೆಗೂ ವಿಮಾ ಕಂಪನಿಗೂ ಹಂಚಿಕೊಟ್ಟಿದೆ. ನಿಮ್ಮ ಕಾರಿನ ಸಂಖ್ಯೆ ಕೆಎ-37 ಎಂದು ಶುರುವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಕೊಪ್ಪಳದ ಸಾರಿಗೆ ಕಚೇರಿಗೆ ಹೋಗಿ ‘ಕಾರು ಬಡಿಸಿಕೊಂಡೆ’ ಎಂದರೆ, ಅದನ್ನು ಬರೆದುಕೊಳ್ಳುವ ಪುಸ್ತಕ ಅಲ್ಲಿ ಯಾರ ಮೇಜಿನ ಮೇಲೂ ಇಲ್ಲ.

ನಮ್ಮ ಕಾನೂನು 1988ರ ಮೋಟಾರು ವಾಹನಗಳ ಅಧಿನಿಯಮದ ಕಲಂ 134ರಲ್ಲಿದೆ. ಮೋಟಾರು ವಾಹನವೊಂದು ಸೇರಿದ ಅಪಘಾತದಿಂದ ಯಾವುದೇ ವ್ಯಕ್ತಿಗೆ ಗಾಯವಾದರೆ ಅಥವಾ ಮೂರನೆಯವರ ಆಸ್ತಿಗೆ ಹಾನಿಯಾದರೆ ಚಾಲಕನ ಮೇಲೆ ಮೂರು ಹೊಣೆಗಳು ಬೀಳುತ್ತವೆ: ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು, ಸ್ಥಳದಲ್ಲಿ ಪೊಲೀಸರಿದ್ದರೆ ಅವರು ಕೇಳಿದ ಮಾಹಿತಿ ಕೊಡುವುದು, ಇಲ್ಲದಿದ್ದರೆ ಆದಷ್ಟು ಬೇಗ, ಹೇಗೂ 24 ಗಂಟೆಯೊಳಗೆ, ಅತಿ ಸಮೀಪದ ಠಾಣೆಗೆ ಹೋಗಿ ತಿಳಿಸುವುದು, ಮತ್ತು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸುವುದು. ಗಮನಿಸಿ, ಇಲ್ಲಿ ಸಾವಿರ ರೂಪಾಯಿ ಎಂದಾಗಲಿ ಹತ್ತು ಸಾವಿರ ಎಂದಾಗಲಿ ಹಾನಿಯ ಮಿತಿ ಹಾಕಿಲ್ಲ. ಹಾನಿ ಎಷ್ಟು ಎಂಬುದಕ್ಕಿಂತ ಹಾನಿಯಾದ ವಸ್ತು ಯಾರದು ಎಂಬುದರ ಮೇಲೆ ಈ ಕಲಂ ನಿಂತಿದೆ. ನಿಮ್ಮ ಕಾರು ನಿಮ್ಮದೇ ಹೊಲದ ಬದುವಿಗೆ ಬಡಿದು ಎರಡು ಲಕ್ಷದ ಹಾನಿಯಾಗಿ ಯಾರಿಗೂ ಪೆಟ್ಟಾಗದಿದ್ದರೆ ಠಾಣೆಗೆ ಹೋಗುವ ಕಾನೂನಿನ ಹೊಣೆ ಹುಟ್ಟುವುದಿಲ್ಲ. ಪಕ್ಕದವರ ಕಾಂಪೌಂಡಿನ ಐನೂರು ರೂಪಾಯಿ ಬೆಲೆಯ ಗೇಟು ಮುರಿದರೆ ಹುಟ್ಟುತ್ತದೆ.

ಈಗ ನಿಮ್ಮ ಎರಡು ಕಲ್ಲುಗಳ ವಿಚಾರ. ಕಿರುಸೇತುವೆಯನ್ನು ನಮ್ಮ ಭಾಗದ ಜನ ‘ಸಿಡಿ’ ಎಂದು ಕರೆದು ಊರಿನ ಗುರುತಾಗಿ ಬಳಸುತ್ತಾರೆಯೇ ಹೊರತು ಅದಕ್ಕೊಬ್ಬ ಒಡೆಯನಿದ್ದಾನೆ ಎಂದು ಯಾರೂ ನೆನೆಯುವುದಿಲ್ಲ. ಆದರೆ ರಸ್ತೆ ಯಾವ ಇಲಾಖೆಯದೋ ಆ ಕಟ್ಟೆಯೂ ಆ ಇಲಾಖೆಯದೇ, ಅಂದರೆ ಅದು ಮೂರನೆಯವರ ಆಸ್ತಿ. ಆದ್ದರಿಂದ ಅಕ್ಷರಶಃ ಓದಿದರೆ ನೀವು 24 ಗಂಟೆಯೊಳಗೆ ಠಾಣೆಗೆ ಹೋಗಬೇಕಿತ್ತು. ಹೋಗದಿರುವುದಕ್ಕೆ ಕಲಂ 187ರಲ್ಲಿ ಶಿಕ್ಷೆಯಿದೆ. 2019ರ ತಿದ್ದುಪಡಿಯ ನಂತರ ಅದು ಮೊದಲ ಬಾರಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿಯವರೆಗಿನ ದಂಡ ಅಥವಾ ಎರಡೂ. ಎರಡನೆಯ ಬಾರಿಗೆ ಒಂದು ವರ್ಷ ಮತ್ತು 10,000 ರೂಪಾಯಿಯವರೆಗೆ. ಎರಡು ಕಲ್ಲು ಕಳಚಿದ್ದಕ್ಕೆ ಯಾರನ್ನಾದರೂ ಜೈಲಿಗೆ ಕಳಿಸಿದ್ದನ್ನು ನನ್ನ ವಕೀಲಿಯಲ್ಲಿ ಕಂಡಿಲ್ಲ. ಆದರೂ ಇದನ್ನು ಹೇಳುತ್ತಿರುವುದೇಕೆಂದರೆ, ಮುಂದೆ ಯಾರಾದರೂ ಬೈಕ್ ಸವಾರ ಅದೇ ಜಾಗದಲ್ಲಿ ಕಲ್ಲಿಗೆ ಬಡಿದು ಬಿದ್ದು, ಕಲ್ಲನ್ನು ಅಲ್ಲಿ ಉರುಳಿಸಿದ ಕಾರು ಯಾವುದೆಂಬ ಮಾತು ಬಂದಾಗ, ನೀವು ತಾನಾಗಿ ಹೋಗಿ ಹೇಳಿದವರೋ ಹುಡುಕಿ ಹಿಡಿಯಲ್ಪಟ್ಟವರೋ ಎಂಬುದರಿಂದ ನಿಮ್ಮ ಸ್ಥಿತಿ ಬದಲಾಗುತ್ತದೆ. ಕಳಚಿದ ಕಲ್ಲುಗಳು ಇನ್ನೂ ಡಾಂಬರಿನ ಮೇಲೆ ಬಿದ್ದಿದ್ದರೆ ಈ ಪತ್ರಿಕೆ ಓದಿ ಮುಗಿಸುವ ಮೊದಲೇ ಹೋಗಿ ಬದಿಗೆ ಸರಿಸಿಬನ್ನಿ.

ಮೂರು ದಿನ ಕಳೆಯಿತೆಂದು ಕೈಚೆಲ್ಲಬೇಡಿ. ಅಪಘಾತ ನಡೆದ ಸ್ಥಳಕ್ಕೆ ಸೇರಿದ ಠಾಣೆಗೆ ಇಂದೇ ಒಂದು ಅರ್ಜಿ ಬರೆದುಕೊಡಿ. ದಿನಾಂಕ, ಅಂದಾಜು ಸಮಯ, ಸ್ಥಳ ಗುರುತಿಸಲು ಹತ್ತಿರದ ಊರು ಮತ್ತು ಕಿಲೋಮೀಟರ್ ಕಲ್ಲು, ವಾಹನದ ನೋಂದಣಿ ಸಂಖ್ಯೆ, ನಿಮ್ಮ ಚಾಲನಾ ಪರವಾನಗಿ ಮತ್ತು ವಿಮಾ ಪಾಲಿಸಿಯ ಸಂಖ್ಯೆ, ನಡೆದದ್ದು, ಹಾನಿಯಾದದ್ದು, ಯಾರಿಗೂ ಗಾಯವಾಗಿಲ್ಲವೆಂಬುದು, ತಡವಾದದ್ದಕ್ಕೆ ಕಾರಣ ಇಷ್ಟು ಸಾಕು. ಕಾರಣವೂ ಇದ್ದದ್ದೇ ಇರಲಿ. ‘ಕಾನೂನು ತಿಳಿದಿರಲಿಲ್ಲ, ತಿಳಿದ ಕೂಡಲೇ ಬಂದಿದ್ದೇನೆ’ ಎಂಬುದು ಸುಳ್ಳು ಜ್ವರದ ಚೀಟಿಗಿಂತ ಮೇಲು. ಅರ್ಜಿಯಲ್ಲಿ ‘ನನ್ನ ಅತಿವೇಗದಿಂದಲೇ ಆಯಿತು’ ಎಂದು ನೀವೇ ತೀರ್ಪು ಬರೆದುಕೊಳ್ಳುವ ಅಗತ್ಯವಿಲ್ಲ. ಹಾಗೆಯೇ ‘ಅಪರಿಚಿತ ಲಾರಿ ಒರೆಸಿಕೊಂಡು ಹೋಯಿತು’ ಎಂಬ, ಗ್ಯಾರೇಜುಗಳಲ್ಲಿ ಸಿದ್ಧವಾಗಿ ದೊರೆಯುವ ಕಥೆಯನ್ನೂ ಬರೆಯಬೇಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಠಾಣೆಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಗಾಯಾಳುಗಳಿಲ್ಲದ ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಪ್ರಥಮ ವರ್ತಮಾನ ವರದಿ ದಾಖಲಾಗುವುದಿಲ್ಲ. ಠಾಣಾ ದಿನಚರಿಯಲ್ಲಿ ನಮೂದಿಸಿ ಹಿಂಬರಹ ಕೊಡುತ್ತಾರೆ. ಆ ಹಿಂಬರಹವನ್ನು ಕೇಳಿ ಪಡೆಯಿರಿ. ‘ಸಾಹೇಬ್ರು ಇಲ್ಲ, ನಾಳೆ ಬರ್ರಿ’ ಎಂಬ ಉತ್ತರ ಎರಡು ಬಾರಿ ಬಂದರೆ ಅದೇ ಅರ್ಜಿಯನ್ನು ಠಾಣಾಧಿಕಾರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ಅಂಚೆ ರಸೀದಿಯನ್ನು ಜೋಪಾನ ಮಾಡಿ.

ವಿಮಾ ಕಂಪನಿಗೆ ತಿಳಿಸುವುದು ಬೇರೆಯದೇ ಹೊಣೆ, ಮತ್ತು ಅದು ಮೂರನೆಯವರಿಗೆ ಹಾನಿಯಾಗದಿದ್ದರೂ ಇರುತ್ತದೆ, ಏಕೆಂದರೆ ಅಪಘಾತವಾದ ಕೂಡಲೇ ಬರಹದಲ್ಲಿ ತಿಳಿಸಬೇಕೆಂಬುದು ಪಾಲಿಸಿಯದೇ ಮೊದಲ ಷರತ್ತು. ತಡವಾಯಿತೆಂಬ ಒಂದೇ ನೆಪದಿಂದ ಪ್ರಾಮಾಣಿಕ ಬೇಡಿಕೆಗಳನ್ನು ತಿರಸ್ಕರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2011ರ ಸೆಪ್ಟೆಂಬರ್‌ನಲ್ಲಿಯೇ ಕಂಪನಿಗಳಿಗೆ ಸುತ್ತೋಲೆ ಹೊರಡಿಸಿದೆ. ಹಾಗೆಂದು ಅದನ್ನು ನೆಚ್ಚಿ ಕೂರುವುದು ಜಾಣತನವಲ್ಲ. ಪಾಲಿಸಿಯಲ್ಲಿ ಇನ್ನೊಂದು ಷರತ್ತಿದೆ, ಬಹಳ ಜನ ಓದುವುದಿಲ್ಲ: ದುರಸ್ತಿಗೆ ಮೊದಲು ಕಾರನ್ನು ಓಡಿಸಿ ಹಾನಿ ಹೆಚ್ಚಾದರೆ ಆ ಹೆಚ್ಚಳ ನಿಮ್ಮ ತಲೆಗೇ. ಬಂಪರ್ ಒಡೆದಷ್ಟೇ ಎಂದುಕೊಂಡು ರೇಡಿಯೇಟರ್ ಸೋರುತ್ತಿದ್ದ ಕಾರನ್ನು ಊರವರೆಗೆ ಓಡಿಸಿ ಇಂಜಿನ್ ಸುಟ್ಟುಕೊಂಡವರು ನನ್ನ ಕಕ್ಷಿದಾರರಲ್ಲೇ ಇದ್ದಾರೆ. ಬಂಪರ್ ಖರ್ಚು ಬಂತು, ಇಂಜಿನ್ ಖರ್ಚು ಬರಲಿಲ್ಲ.

ಇನ್ನು ಪರಿಹಾರ ಕೇಳುವುದು ಲಾಭವೋ ಎಂದು ಒಮ್ಮೆ ಲೆಕ್ಕ ಹಾಕಿ. 1,500 ಸಿಸಿವರೆಗಿನ ಖಾಸಗಿ ಕಾರಿಗೆ ಪ್ರತಿ ಬೇಡಿಕೆಯಲ್ಲೂ ಮೊದಲ 1,000 ರೂಪಾಯಿ, ಅದಕ್ಕಿಂತ ದೊಡ್ಡ ಇಂಜಿನ್ನಿಗೆ 2,000 ರೂಪಾಯಿ ಕಡ್ಡಾಯವಾಗಿ ನಿಮ್ಮದೇ. ಸವಕಳಿ ಮನ್ನಾ ಮಾಡುವ ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿರದಿದ್ದರೆ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧ ಕಡಿತವಾಗುತ್ತದೆ. ಉದಾಹರಣೆಗೆ ಬಂಪರ್ 6,000 ರೂಪಾಯಿ ಎಂದಿಟ್ಟುಕೊಳ್ಳಿ: ಅರ್ಧ ಸವಕಳಿಗೆ, ಉಳಿದದ್ದರಲ್ಲಿ ಸಾವಿರ ಕಡ್ಡಾಯ ಕಡಿತಕ್ಕೆ ಹೋಗಿ ಕೈಗೆ ಬರುವುದು 2,000. ಅತ್ತ, ಐದು ವರ್ಷ ಪರಿಹಾರ ಕೇಳದೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇಕಡಾ 50ರ ರಿಯಾಯಿತಿಗೆ ಬಂದು ನಿಂತವರು ಈ ಎರಡು ಸಾವಿರಕ್ಕಾಗಿ ಮುಂದಿನ ವರ್ಷ ಸೊನ್ನೆಯಿಂದ ಶುರು ಮಾಡಬೇಕು. ಪ್ರೀಮಿಯಂ 8,000 ಇದ್ದವರಿಗೆ ಒಂದೇ ವರ್ಷದಲ್ಲಿ ಹೋದದ್ದು 4,000. ಆದರೆ ತಿಳಿಸುವುದು ಬೇರೆ, ಪರಿಹಾರ ಪಡೆಯುವುದು ಬೇರೆ. ರಿಯಾಯಿತಿ ಕೈತಪ್ಪುವುದು ಪರಿಹಾರ ಪಡೆದಾಗ.

ಸಾರಿಗೆ ಕಚೇರಿಯ ಮೆಟ್ಟಿಲು ಹತ್ತಬೇಕಾದ ಸಂದರ್ಭಗಳೂ ಇವೆ, ನಿಮಗೆ ಸದ್ಯ ಅನ್ವಯಿಸದಿದ್ದರೂ ಹೇಳಿಬಿಡುತ್ತೇನೆ. ಕಾರು ಮತ್ತೆ ಬಳಸಲಾಗದಷ್ಟು ನಾಶವಾದರೆ ಮಾಲೀಕರು 14 ದಿನಗಳೊಳಗೆ, ಅಥವಾ ಸಾಧ್ಯವಾದಷ್ಟು ಬೇಗ, ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಕಲಂ 55 ಹೇಳುತ್ತದೆ. ದುರಸ್ತಿಯ ವೆಚ್ಚವು ಪಾಲಿಸಿಯಲ್ಲಿ ಘೋಷಿಸಿದ ಮೌಲ್ಯದ ಶೇಕಡಾ 75ನ್ನು ದಾಟಿದರೆ ಕಂಪನಿಗಳು ಕಾರನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತವೆ. ಆಗ ಗುಜರಿಯವನಿಗೆ ಕಾರು ಕೊಟ್ಟು ನೋಂದಣಿ ರದ್ದು ಮಾಡಿಸದೆ ಬಿಟ್ಟವರ ಸಂಖ್ಯೆಯನ್ನು ಬೇರೆ ಯಾವುದೋ ಕದ್ದ ಕಾರು ಹೊತ್ತು ತಿರುಗಬಹುದು. ಗಾಯ ಅಥವಾ ಸಾವು ಆದ ಪ್ರಕರಣಗಳಲ್ಲಿ ಪೊಲೀಸರ ಕೋರಿಕೆಯ ಮೇಲೆ ಮೋಟಾರು ವಾಹನ ನಿರೀಕ್ಷಕರು, ಅಂದರೆ ಜನರ ಬಾಯಲ್ಲಿ ‘ಬ್ರೇಕ್ ಇನ್‌ಸ್ಪೆಕ್ಟರ್’, ವಾಹನ ಪರೀಕ್ಷಿಸಿ ವರದಿ ಕೊಡುತ್ತಾರೆ. ಆಗಲೂ ಅವರನ್ನು ಕರೆಸುವುದು ಠಾಣೆಯ ಕೆಲಸ, ನಿಮ್ಮದಲ್ಲ. ನಿಮ್ಮ ಮಟ್ಟಿಗೆ ಇರುವುದು ನಂಬರ್ ಪ್ಲೇಟ್ ಒಂದೇ. ಅತಿ ಸುರಕ್ಷಿತ ನೋಂದಣಿ ಫಲಕ ಮುರಿದರೆ ಪೇಟೆಯಲ್ಲಿ ಬರೆಸಿ ಹಾಕುವಂತಿಲ್ಲ. ಅಧಿಕೃತ ಮಾರಾಟಗಾರರ ಮೂಲಕ ಬದಲಿ ಪಡೆಯಬೇಕು. ಮುರಿದ ಫಲಕದ ತುಂಡುಗಳನ್ನು ಎಸೆಯಬೇಡಿ. ಸಿಡಿಯ ಕೆಳಗೆ ಬಿದ್ದು ಹೋಗಿದ್ದರೆ ಅದನ್ನೂ ಠಾಣೆಯ ಅರ್ಜಿಯಲ್ಲಿ ಒಂದು ಸಾಲು ಬರೆಯಿರಿ, ಕಳೆದುಹೋದ ಫಲಕಕ್ಕೆ ದೂರಿನ ಪ್ರತಿ ಕೇಳುವುದು ವಾಡಿಕೆ.

ಭತ್ತ ಹರವಿದವರ ಮೇಲೆ ದೂರು ಕೊಡಬಹುದೇ ಎಂದು ನೀವು ಕೇಳಿಲ್ಲ, ಆದರೂ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಸಾರ್ವಜನಿಕ ದಾರಿಯಲ್ಲಿ ಅಡಚಣೆ ಉಂಟುಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 285ರಡಿ ದಂಡಾರ್ಹ. ಅರ್ಜಿಯಲ್ಲಿ ಭತ್ತವಿತ್ತು, ಕಲ್ಲುಗಳಿದ್ದವು, ದೀಪವಾಗಲಿ ಪ್ರತಿಫಲಕವಾಗಲಿ ಇರಲಿಲ್ಲ ಎಂದು ಇದ್ದ ಸಂಗತಿಯನ್ನು ಬರೆಯಿರಿ. ಅದು ನಿಮ್ಮ ವೇಗದ ಬಗ್ಗೆ ಪ್ರಶ್ನೆ ಎದ್ದಾಗ ನಿಮಗೆ ಬೇಕಾಗುವ ಸಂಗತಿ. ನಮ್ಮ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕೊಯ್ಲಿನ ಯಂತ್ರ ಒಂದೇ ದಿನದಲ್ಲಿ ರಾಶಿ ಮಾಡಿಕೊಡುತ್ತದೆ, ಒಣಗಿಸಲು ಕಣ ಉಳಿದಿಲ್ಲ. ರೈತನಿಗೆ ಡಾಂಬರೇ ಕಣವಾಗಿದೆ. ಹರವುವವರು ಸಂಜೆಗೆ ಆ ಕಲ್ಲುಗಳನ್ನಾದರೂ ಎತ್ತಿದರೆ ಅರ್ಧ ಅಪಾಯ ಕಳೆಯುತ್ತದೆ ಎಂಬುದು ನನ್ನ ಅನುಭವ.

ಪ್ರಶ್ನೆ: ನಾನು ಸಿಂಧನೂರಿನ ಶಿಕ್ಷಕಿ. ಓಣಿಯಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವಾಗ ವಿದ್ಯುತ್ ಕಂಬಕ್ಕೆ ತಾಗಿ ಕಂಬ ವಾಲಿದೆ, ತಂತಿ ಹರಿದಿಲ್ಲ. ಕಂಬದ ಹಣ ಕಟ್ಟಬೇಕೆಂದು ಲೈನ್‌ಮನ್ ಹೇಳಿ ಹೋದರು. ಕಟ್ಟಿದರೆ ತಪ್ಪೊಪ್ಪಿಕೊಂಡಂತೆ ಆಗುತ್ತದೆ, ಸುಮ್ಮನಿರು ಎಂದು ಮನೆಯವರು ಹೇಳುತ್ತಾರೆ.

ಉತ್ತರ: ಕಂಬ ಜೆಸ್ಕಾಂನದು, ಆದ್ದರಿಂದ ಮೇಲೆ ಹೇಳಿದ 24 ಗಂಟೆಯ ಮಾತು ನಿಮಗೂ ಅನ್ವಯಿಸುತ್ತದೆ. ಠಾಣೆಗೆ ಅರ್ಜಿ ಕೊಡಿ, ಹಾಗೂ ವಾಲಿದ ಕಂಬದ ಬಗ್ಗೆ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಎರೆ ಮಣ್ಣಿನಲ್ಲಿ ನೆಟ್ಟ ಕಂಬ ಇಂದು ಸ್ವಲ್ಪ ವಾಲಿದ್ದರೆ ಒಂದು ಒಳ್ಳೆಯ ಮಳೆಗೆ ಪೂರ್ತಿ ಮಲಗುತ್ತದೆ.

ಹಣದ ವಿಷಯದಲ್ಲಿ ಮನೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ವಿಮಾ ಕಂಪನಿಯ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ತಪ್ಪೊಪ್ಪಿಗೆ, ಭರವಸೆ ಅಥವಾ ಹಣ ಕೊಡಬಾರದೆಂದು ಪಾಲಿಸಿಯಲ್ಲಿ ಷರತ್ತು ಇದೆ. ಖಾಸಗಿ ಕಾರಿನ ಪಾಲಿಸಿಗಳಲ್ಲಿ ಮೂರನೆಯವರ ಆಸ್ತಿಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿಯವರೆಗೆ ರಕ್ಷಣೆ ಇರುತ್ತದೆ; ಪ್ರೀಮಿಯಂ ತುಸು ಇಳಿಸಿಕೊಳ್ಳಲು ಅದನ್ನು 6,000ಕ್ಕೆ ಮಿತಿಗೊಳಿಸಿದವರೂ ಇದ್ದಾರೆ, ನಿಮ್ಮದು ಯಾವುದೆಂದು ಪಾಲಿಸಿ ತೆಗೆದು ನೋಡಿ. ಆದ್ದರಿಂದ ಮೊದಲು ಜೆಸ್ಕಾಂ ಕಚೇರಿಯಿಂದ ಅಂದಾಜು ವೆಚ್ಚವನ್ನು ಬರಹದಲ್ಲಿ ಕೇಳಿ, ಅದರ ಪ್ರತಿಯೊಂದಿಗೆ ವಿಮಾ ಕಂಪನಿಗೆ ತಿಳಿಸಿ, ಅವರ ಉತ್ತರ ಬಂದ ಮೇಲೆ ಕಟ್ಟುವುದೋ ಬಿಡುವುದೋ ನಿರ್ಧರಿಸಿ. ಮೊತ್ತ ಚಿಕ್ಕದಾಗಿ ನೀವೇ ಕಟ್ಟುವುದಾದರೆ ಕಚೇರಿಯ ಕೌಂಟರಿನಲ್ಲಿ ರಸೀದಿ ಪಡೆದು ಕಟ್ಟಿ. ಕಂಬದ ಬುಡದಲ್ಲಿ ನಿಂತು ಕೊಟ್ಟ ಹಣಕ್ಕೆ ಲೆಕ್ಕವಿರುವುದಿಲ್ಲ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ತಂತಿ ಹರಿದು ಕಾರಿನ ಮೇಲೆ ಬಿದ್ದಿದ್ದರೆ, ಬೆಂಕಿ ಹೊತ್ತದ ಹೊರತು ಕಾರಿನೊಳಗೇ ಕುಳಿತು ಫೋನ್ ಮಾಡಿ, ಒಂದು ಕಾಲು ನೆಲಕ್ಕೆ, ಒಂದು ಕೈ ಬಾಗಿಲಿಗೆ ಎಂಬಂತೆ ಇಳಿಯುವುದೇ ಪ್ರಾಣಕ್ಕೆ ಮುಳುವಾಗುವುದು.

ಪ್ರಶ್ನೆ: ಸಿರುಗುಪ್ಪ ರಸ್ತೆಯಲ್ಲಿ ನನ್ನ ತಮ್ಮ ನನ್ನ ಕಾರನ್ನು ಓಡಿಸುತ್ತ ಮರಕ್ಕೆ ಬಡಿಸಿದ. ಅವನ ಲೈಸೆನ್ಸ್ ಅವಧಿ ಮುಗಿದು ಇಪ್ಪತ್ತು ದಿನವಾಗಿತ್ತು. ಮೂವತ್ತು ದಿನದವರೆಗೆ ರಿಯಾಯಿತಿ ಇದೆಯಂತೆ. ಇಲ್ಲದಿದ್ದರೆ ನಾನೇ ಓಡಿಸುತ್ತಿದ್ದೆ ಎಂದು ಬರೆದುಕೊಡಲೇ?

ಉತ್ತರ: ಬರೆದುಕೊಡಬೇಡಿ.

ಮೂವತ್ತು ದಿನದ ರಿಯಾಯಿತಿ ಹಿಂದೆ ಇತ್ತು, 2019ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಆದ್ದರಿಂದ ಅವನಲ್ಲಿ ಆ ದಿನ ಊರ್ಜಿತ ಪರವಾನಗಿ ಇರಲಿಲ್ಲ, ಸ್ವಂತ ಹಾನಿಯ ಪರಿಹಾರವನ್ನು ಕಂಪನಿ ನಿರಾಕರಿಸಲು ಅದು ಸಾಕು. ಅಂಥವನಿಗೆ ವಾಹನ ಕೊಟ್ಟ ಮಾಲೀಕರಿಗೂ ಮೋಟಾರು ವಾಹನಗಳ ಅಧಿನಿಯಮದ ಕಲಂ 180ರಡಿ ಶಿಕ್ಷೆಯಿದೆ. ಅದು ನಷ್ಟ, ಒಪ್ಪಿಕೊಳ್ಳಿ. ಆದರೆ ಚಾಲಕನ ಹೆಸರು ಬದಲಿಸಿ ಪರಿಹಾರ ಪಡೆದರೆ ಅದು ವಂಚನೆಯಾಗುತ್ತದೆ. ಟೋಲ್‌ಗೇಟಿನ ಚಿತ್ರ, ಪೆಟ್ರೋಲ್ ಬಂಕಿನ ಕ್ಯಾಮೆರಾ, ನಿಮ್ಮಿಬ್ಬರ ಫೋನುಗಳು ಆ ಹೊತ್ತಿನಲ್ಲಿ ಎಲ್ಲಿದ್ದವೆಂಬ ದಾಖಲೆ, ಇವುಗಳಲ್ಲಿ ಯಾವುದಾದರೂ ಒಂದು ನಿಮ್ಮ ಕಥೆಯನ್ನು ಕೆಡಿಸಬಹುದು. ಕಂಪನಿಯ ತನಿಖೆದಾರರು ಮೊದಲು ಕೇಳುವ ಪ್ರಶ್ನೆಯೇ ಅದು: ‘ಆ ಹೊತ್ತಿಗೆ ನೀವು ಎಲ್ಲಿದ್ದಿರಿ?’ ತಮ್ಮನಿಗೆ ಈ ವಾರವೇ ನವೀಕರಣ ಮಾಡಿಸಿ. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕಾಗುತ್ತದೆ. ಮರಕ್ಕೆ ತೊಗಟೆ ಸುಲಿದಷ್ಟೇ ಆಗಿದೆಯೆಂದು ಬರೆದಿದ್ದೀರಿ. ಕೊಂಬೆ ಮುರಿದೋ ಬುಡ ಸಡಿಲವಾಗಿಯೋ ಇದ್ದರೆ ಅದೂ ರಸ್ತೆಯ ಇಲಾಖೆಯ ಅಥವಾ ಅರಣ್ಯ ಇಲಾಖೆಯ ಆಸ್ತಿಹಾನಿ, ಠಾಣೆಗೆ ತಿಳಿಸಬೇಕು.

ಪ್ರಶ್ನೆ: ರಾಯಚೂರು ನಗರದಲ್ಲಿ ನಾಯಿ ಅಡ್ಡ ಬಂದು ಕಾರು ಡಿವೈಡರ್‌ಗೆ ತಾಗಿತು. ಹಿಂದಿನ ಸೀಟಿನಲ್ಲಿದ್ದ ನನ್ನ ತಾಯಿಗೆ ಹಣೆಗೆ ಮೂರು ಹೊಲಿಗೆ ಬಿದ್ದವು. ಆಸ್ಪತ್ರೆಯವರು ನನ್ನನ್ನು ಕೇಳದೆ ಪೊಲೀಸರಿಗೆ ತಿಳಿಸಿದ್ದಾರೆ. ಮಗನ ಮೇಲೆ ತಾಯಿಯ ಕೇಸು ಆಗುತ್ತದೆಯೇ? ತಾಯಿ ಅಳುತ್ತಿದ್ದಾರೆ.

ಉತ್ತರ: ಆಸ್ಪತ್ರೆಯವರು ತಮ್ಮ ಕರ್ತವ್ಯ ಮಾಡಿದ್ದಾರೆ. ರಸ್ತೆ ಅಪಘಾತದ ಗಾಯವನ್ನು ವೈದ್ಯಕೀಯ-ಕಾನೂನು ಪ್ರಕರಣವೆಂದು, ಅಂದರೆ ಎಂಎಲ್‌ಸಿ ಎಂದು ಬರೆದು ಠಾಣೆಗೆ ತಿಳಿಸುವುದು ರೂಢಿ. ಅದಕ್ಕೆ ಗಾಯಾಳುವಿನ ಅಥವಾ ಅವರ ಮಗನ ಅನುಮತಿ ಬೇಕಿಲ್ಲ. ಕಲಂ 134 ‘ಯಾವುದೇ ವ್ಯಕ್ತಿ’ ಎನ್ನುತ್ತದೆ. ಕಾರಿನೊಳಗೆ ಕುಳಿತವರೂ, ಅವರು ಚಾಲಕನ ತಾಯಿಯೇ ಆಗಿದ್ದರೂ, ಆ ಮಾತಿನೊಳಗೆ ಬರುತ್ತಾರೆ. ಹಾಗಾಗಿ ನೀವು ಪ್ರತ್ಯೇಕವಾಗಿ ಠಾಣೆಗೆ ಹೋಗಿ ನಿಮ್ಮ ಹೇಳಿಕೆ ಕೊಡುವುದು ಒಳಿತು.

ಪೊಲೀಸರು ಪ್ರಕರಣ ದಾಖಲಿಸಿದರೆ ಅದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 281 ಮತ್ತು 125ರಡಿ ಇರುತ್ತದೆ. ಹಿಂದೆ, ಭಾರತೀಯ ದಂಡ ಸಂಹಿತೆಯಲ್ಲಿ, ಇವನ್ನೇ ಕಲಂ 279 ಮತ್ತು 337 ಎನ್ನುತ್ತಿದ್ದೆವು. ಎರಡೂ ಜಾಮೀನು ಸಿಗುವಂಥವು. ಆದರೆ ಗಾಯವಾದ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಓಡಿಸಿದ್ದು ಕಾಣಬೇಕು. ನಾಯಿ ಅಡ್ಡ ಬಂದದ್ದು, ನಿಮ್ಮ ವೇಗ, ಆ ರಸ್ತೆಯ ದೀಪಗಳ ಸ್ಥಿತಿ, ಹತ್ತಿರದ ಅಂಗಡಿಯ ಕ್ಯಾಮೆರಾ ಇದ್ದರೆ ಅದು, ಇವನ್ನೆಲ್ಲ ಹೇಳಿಕೆಯಲ್ಲಿ ಸೇರಿಸಿ. ಅಂಗಡಿಗಳ ಕ್ಯಾಮೆರಾಗಳಲ್ಲಿ ಹಳೆಯ ಚಿತ್ರಗಳು ಕೆಲವು ದಿನಗಳಲ್ಲಿ ತಾವಾಗಿ ಅಳಿಸಿಹೋಗುತ್ತವೆ, ಆದ್ದರಿಂದ ಅಂಗಡಿಯವರನ್ನು ಇಂದೇ ಕೇಳಿ. ತಾಯಿಯವರೂ ತಮಗೆ ಕಂಡದ್ದನ್ನು ತಮ್ಮ ಮಾತಿನಲ್ಲಿಯೇ ಹೇಳಲಿ. ‘ಮನೆಯಲ್ಲಿ ಮೆಟ್ಟಿಲಿನಿಂದ ಬಿದ್ದೆ’ ಎಂದು ಹೇಳಿಸಲು ಹೋಗಬೇಡಿ, ಆಸ್ಪತ್ರೆಯ ಪುಸ್ತಕದಲ್ಲಿ ಮೊದಲ ಗಳಿಗೆಯಲ್ಲಿ ಬರೆದದ್ದು ಬೇರೆಯೇ ಇದೆ.

ಹೊಲಿಗೆಯ ಖರ್ಚಿನ ಬಗ್ಗೆ: ನಿಮ್ಮದು ಪೂರ್ಣ ಪ್ರಮಾಣದ ಪ್ಯಾಕೇಜ್ ಪಾಲಿಸಿಯಾಗಿದ್ದರೆ ಖಾಸಗಿ ಕಾರಿನಲ್ಲಿ ಕುಳಿತವರಿಗೂ ಅದರ ರಕ್ಷಣೆ ಇದೆಯೆಂದು ವಿಮಾ ಪ್ರಾಧಿಕಾರವು 2009ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ, ಬರೀ ಥರ್ಡ್ ಪಾರ್ಟಿ ಪಾಲಿಸಿಯಾಗಿದ್ದರೆ ಕುಳಿತವರ ವಿಷಯದಲ್ಲಿ ತಕರಾರು ಬರುತ್ತದೆ. ಪರಿಹಾರ ನ್ಯಾಯಮಂಡಳಿಗೆ ಹೋಗುವುದಾದರೆ ಅಪಘಾತದ ದಿನದಿಂದ ಆರು ತಿಂಗಳು ಎಂಬ ಅವಧಿಯನ್ನು 2022ರ ಏಪ್ರಿಲ್ 1ರಿಂದ ತಂದಿದ್ದಾರೆ. ಅದು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೆ ಒಳಗಾಗಿದೆಯಾದರೂ ಆ ತೀರ್ಪನ್ನು ಕಾಯುತ್ತ ಕೂರಬೇಡಿ. ಮೂರು ಹೊಲಿಗೆಗೆ ನ್ಯಾಯಮಂಡಳಿಯವರೆಗೆ ಹೋಗಿ ಎಂದು ನಾನು ಹೇಳಲಾರೆ. ಆದರೆ ವಯಸ್ಸಾದವರ ತಲೆಯ ಪೆಟ್ಟು ವಾರಗಳ ನಂತರವೂ ತೊಂದರೆ ಕೊಡಬಹುದು, ಆದ್ದರಿಂದ ಕಾಗದಪತ್ರಗಳನ್ನೆಲ್ಲ ಒಂದೆಡೆ ಇಟ್ಟಿರಿ. ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ ಏಳು ದಿನ 1.5 ಲಕ್ಷ ರೂಪಾಯಿಯವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿನಲ್ಲಿ ಅಧಿಸೂಚಿತವಾಗಿದೆ. ಅದಕ್ಕೂ ಪೊಲೀಸ್ ದಾಖಲೆಯೇ ಆಧಾರ. ಠಾಣೆಗೆ ತಿಳಿಸಿದ್ದಕ್ಕೆ ಆಸ್ಪತ್ರೆಯವರ ಮೇಲೆ ಸಿಟ್ಟಾಗುವ ಮೊದಲು ಇದನ್ನೂ ತಾಯಿಗೆ ಓದಿ ಹೇಳಿ.

ಪ್ರಶ್ನೆ: ಕುಷ್ಟಗಿ ಹತ್ತಿರ ನಸುಕಿನಲ್ಲಿ ನನ್ನ ಕಾರು ಕುರಿ ಹಿಂಡಿಗೆ ತಾಗಿ ಎರಡು ಕುರಿ ಸತ್ತವು. ಜನ ಸೇರಿದ್ದರಿಂದ ಹೆದರಿ ನಿಲ್ಲಿಸಲಿಲ್ಲ. ಕುರಿ ಸತ್ತರೆ ಕೇಸಾಗುತ್ತದೆಯೇ?

ಉತ್ತರ: ಕುರಿ ಕಾನೂನಿನ ಕಣ್ಣಿಗೆ ಕುರಿಗಾರನ ಆಸ್ತಿ; ಆದ್ದರಿಂದ ತಿಳಿಸಲೇಬೇಕು. ಉದ್ದೇಶವಿಲ್ಲದೆ ಆದದ್ದಾದ್ದರಿಂದ ಪ್ರಾಣಿಯನ್ನು ಕೊಂದ ಅಪರಾಧ ನಿಮ್ಮ ಮೇಲೆ ನಿಲ್ಲುವುದು ಕಷ್ಟ. ನಿಮಗೆ ತೊಡಕಾಗುವುದು ನಿಲ್ಲಿಸದೆ ಹೋದದ್ದು ಮತ್ತು ತಿಳಿಸದೆ ಉಳಿದದ್ದು. ಜನರ ಉದ್ರೇಕದ ಭಯವನ್ನು ಕಾನೂನೂ ಬಲ್ಲದು. ಕಲಂ 134ರಲ್ಲಿಯೇ ಗುಂಪಿನ ಆಕ್ರೋಶದಿಂದ ಗಾಯಾಳುವಿಗೆ ನೆರವಾಗಲು ಆಗದಿದ್ದರೆ ಎಂಬ ವಿನಾಯಿತಿ ಇದೆ. ಆದರೆ ಆ ವಿನಾಯಿತಿ ಗಾಯಾಳುವಿಗೆ ನೆರವಾಗದಿರುವುದಕ್ಕಷ್ಟೇ, ಠಾಣೆಗೆ ಹೋಗದಿರುವುದಕ್ಕೆ ಅಲ್ಲ. ಹೆದರಿ ಹೊರಟವರು ನೇರವಾಗಿ ಮುಂದಿನ ಠಾಣೆಯ ಮುಂದೆ ಕಾರು ನಿಲ್ಲಿಸಬೇಕು, ಇಲ್ಲವೇ ದಾರಿಯಿಂದಲೇ 112ಕ್ಕೆ ಕರೆ ಮಾಡಬೇಕು. ಆ ಕರೆಯ ಸಮಯವೇ ನಿಮ್ಮ ಸಾಕ್ಷಿ.

ನಿಮ್ಮ ಪತ್ರದಲ್ಲಿ ದಿನಾಂಕವಿಲ್ಲ. ಎಷ್ಟೇ ದಿನವಾಗಿದ್ದರೂ ಕುಷ್ಟಗಿ ಠಾಣೆಗೆ ಹೋಗಿ. ಕುರಿಗಾರರು ಹಿಂಡಿನೊಂದಿಗೆ ಊರೂರು ತಿರುಗುವವರು, ಈಗ ಯಾವ ಹೊಲದಲ್ಲಿ ಮಂದೆ ಹಾಕಿದ್ದಾರೋ ತಿಳಿಯದು. ಆದರೆ ಆ ನಸುಕಿನಲ್ಲಿ ಸೇರಿದ್ದ ಊರಿನವರಿಗೆ ಗೊತ್ತಿರುತ್ತದೆ. ಠಾಣೆಯಲ್ಲಿ, ವಿಮಾ ಕಂಪನಿಗೆ ತಿಳಿಸಿ ಅವರ ಒಪ್ಪಿಗೆ ಪಡೆದು, ಕುರಿಗಳ ಬೆಲೆ ಕೊಡಿ, ಕೊಟ್ಟದ್ದಕ್ಕೆ ಕುರಿಗಾರನ ಹೆಬ್ಬೆಟ್ಟೋ ಸಹಿಯೋ ಇರುವ ಚೀಟಿ ಪಡೆಯಿರಿ.